ಅಜ್ಜನ ಉಳಿಗೆ ಗ್ರೈಂಡರ್ ಬೇಕಿಲ್ಲ

ಅಜ್ಜನ ಉಳಿಗಳ ಬಾಯಿ ಮುಕ್ಕಾಗಿದೆ, 500 ರೂಪಾಯಿ ಒಳಗೆ ಹರಿತ ಮಾಡಬಹುದಾ, ಗ್ರೈಂಡರ್ ಬೇಕಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ, ಗ್ರೈಂಡರ್ ಬೇಡ. ಇಲ್ಲೇ ದಾವಣಗೆರೆಯಲ್ಲಿ ಒಂದು ಒಳ್ಳೇ ಉಳಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಸಾಣೆಗೆ ಕೊಟ್ಟು ಕಳೆದುಕೊಂಡೆ. ಗ್ರೈಂಡರಿನ ಬಿಸಿಗೆ ತುದಿ ನೀಲಿ ಬಣ್ಣಕ್ಕೆ ತಿರುಗಿತ್ತು. ಹಾಗಾದರೆ ಉಕ್ಕಿನ ಹದ ಹೋಯ್ತು ಅಂತಲೇ ಅರ್ಥ, ಆ ನೀಲಿ ಭಾಗ ಪೂರ್ತಿ ಸವೆದು ಹೋಗುವವರೆಗೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ.

ಗಾಜಿನಂಗಡಿಯಲ್ಲಿ ಒಂದು ದಪ್ಪ ಗಾಜಿನ ತುಂಡು, ಕಾರ್ ಪೇಂಟ್ ಮಾರುವ ಕಡೆ 120, 400, 1000, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ತಗೊಳ್ಳಿ. ಗಾಜಿನ ಮೇಲೆ ನೀರು ಚಿಮುಕಿಸಿ ಹಾಸಿದರೆ ಪೇಪರ್ ಅಂಟಿಕೊಳ್ಳುತ್ತೆ. ಮೊದಲು ಉಳಿಯ ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖ, ಅದೂ ತುದಿಯ ಕಡೆ ಒಂದಿಂಚು ಮಾತ್ರ, ಕನ್ನಡಿ ಥರ ಆಗುವವರೆಗೆ ಉಜ್ಜಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಸುಮ್ನೆ ಶ್ರಮ. ಆಮೇಲೆ ಇಳಿಜಾರು ಮುಖ, 25 ಡಿಗ್ರಿ ಸಾಕು. 4 ಮಿ.ಮೀ. ದಪ್ಪದ ಉಳಿಗೆ ಆ ಇಳಿಜಾರಿನ ಉದ್ದ ಸುಮಾರು 9.5 ಮಿ.ಮೀ. ಬಂದರೆ ಕೋನ ಸರಿಯಿದೆ. ಮುಕ್ಕು ಪೂರ್ತಿ ಹೋಗುವವರೆಗೂ 120 ಬಿಡಬೇಡಿ, ಒಂದು ಗಂಟೆ ಹಿಡಿದರೂ ಪರವಾಗಿಲ್ಲ. ಬೆನ್ನಿನ ಕಡೆ ಬೆರಳು ಸವರಿದಾಗ ತುದಿಯುದ್ದಕ್ಕೂ ಸಣ್ಣ ತರಿ ತಾಗಬೇಕು, ಆಗ ಮುಂದಿನ ಪೇಪರ್. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ನಾಲ್ಕು ಸಲ ಎಳೆಯಿರಿ. ಬೇವಿನ ತುಂಡಿನ ಕೊಯ್ದ ತುದಿಯನ್ನು ಕೆತ್ತಿ ನೋಡಿ, ಪುಡಿಯಾಗದೆ ಸುರುಳಿ ಬಂದರೆ ಆಯ್ತು.