ಬಿ.ಕಾಂ. ಆಗಿದೆ, ಊರಲ್ಲೇ ಇದ್ದೇನೆ. ಕೆಲಸಕ್ಕೂ ಮುಂದಿನ ಓದಿಗೂ ಆನ್‌ಲೈನ್‌ನಲ್ಲಿ ದುಡ್ಡು ಕೊಡದೆ ಸಹಾಯ ಎಲ್ಲಿ ಸಿಗುತ್ತದೆ?

ಪೋರ್ಟಲ್‌ಗಳಿಗೇನೂ ಬರವಿಲ್ಲ. ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’, ಆಧಾರ್‌ನಲ್ಲಿ ಬರೀ ‘ಮಂಜುನಾಥ’ ಅಂತಿದ್ದರೆ ಡಿಜಿಲಾಕರ್‌ಗೆ ಅಂಕಪಟ್ಟಿ ತರುವಾಗಲೇ ತಕರಾರು ಶುರು. ನಮ್ಮ ಕಡೆಯ ಇನಿಷಿಯಲ್ ಕಾಟ ಇದು. ಆಧಾರನ್ನೇ ಅಂಕಪಟ್ಟಿಯಂತೆ ತಿದ್ದಿಸಿ. ಹೆಸರು ಬದಲಿಸಲು ಆಧಾರ್‌ನಲ್ಲಿ ಸಿಗುವುದು ಎರಡೇ ಅವಕಾಶ, ಸ್ಪೆಲಿಂಗ್ ಒಂದೊಂದಕ್ಷರ ನೋಡಿ ಕೊಡಿ. ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಆಗಿರಲಿ.

ಅದಾದ ಮೇಲೆ ನಾನು ಮೊದಲು ಕಳಿಸುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಪ್ರೆಂಟಿಸ್ ತರಬೇತಿಯ ನ್ಯಾಟ್ಸ್ ಪೋರ್ಟಲ್‌ಗೆ. ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರಿಗೆ ಮಾತ್ರ ಅಂದುಕೊಂಡು ಬಿ.ಕಾಂ., ಬಿ.ಎ. ಆದವರು ಆ ಕಡೆ ತಲೆಯೇ ಹಾಕುವುದಿಲ್ಲ. ಅವರಿಗೂ ಅವಕಾಶವಿದೆ. ಒಂದು ವರ್ಷದ ತರಬೇತಿ, ತಿಂಗಳು ತಿಂಗಳು ಸ್ಟೈಪೆಂಡ್, ಕೊನೆಗೆ ಪ್ರಮಾಣಪತ್ರ. ಅಲ್ಲೇ ಕಾಯಂ ಆಗುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಹೆಚ್ಚಿನವರು ಎಡವುವುದು ಒಂದೇ ಕಡೆ: ನೋಂದಣಿ ಸಂಖ್ಯೆ ಬಂತು, ಇನ್ನು ಅವರೇ ಕರೆಯುತ್ತಾರೆ ಅಂತ ಸುಮ್ಮನಾಗುತ್ತಾರೆ. ಲಾಗಿನ್ ಆಗಿ ಒಂದೊಂದು ಸಂಸ್ಥೆಗೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಕೆಲವು ಸರ್ಕಾರಿ ಕಂಪನಿಗಳು ತಮ್ಮ ಸೈಟಿನಲ್ಲೂ ಇನ್ನೊಂದು ಅರ್ಜಿ ಕೇಳುತ್ತವೆ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ಹಣ ಬರುತ್ತಿದ್ದರೆ ಗಮನಿಸಿ: ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರಿಗೂ ಓದು ಮುಂದುವರಿಸಿದವರಿಗೂ ಅದು ಸಿಗದು. ಪದವೀಧರರಿಗೆ ತಿಂಗಳಿಗೆ ಕೊಡುವುದು 3,000 ರೂಪಾಯಿ. ಅದಕ್ಕೋಸ್ಕರ ಅಪ್ರೆಂಟಿಸ್ ಬಿಡುವುದು ಜಾಣತನವಲ್ಲ.

ಖಾಸಗಿ ಕೆಲಸಕ್ಕೆ ರಾಜ್ಯದ ಸ್ಕಿಲ್ ಕನೆಕ್ಟ್, ಕೇಂದ್ರದ ಎನ್‌ಸಿಎಸ್ ಎಂಬ ಎರಡೂ ಉದ್ಯೋಗ ಪೋರ್ಟಲ್‌ಗಳಲ್ಲಿ ಹೆಸರು ಹಾಕಿ, ಎರಡೂ ಉಚಿತ. ಎನ್‌ಸಿಎಸ್ ಸಹಾಯವಾಣಿ 1514. ರೆಸ್ಯೂಮೆ ಒಂದೇ ಪುಟ ಇರಲಿ. ಫೋಟೋ ಹೊಡೆದು ಪಿಡಿಎಫ್ ಮಾಡಿದರೆ ಅದರಲ್ಲಿರುವ ‘ಟ್ಯಾಲಿ’, ‘ಜಿಎಸ್‌ಟಿ’ ಎಂಬ ಪದಗಳು ಕಂಪನಿಯವರ ಹುಡುಕಾಟಕ್ಕೆ ಸಿಗುವುದೇ ಕಷ್ಟ. ಟೈಪ್ ಮಾಡಿದ ಫೈಲನ್ನೇ ಪಿಡಿಎಫ್ ಆಗಿ ಉಳಿಸಿ. ಕೆಲಸ ಕೊಡಿಸಲು ‘ರಿಜಿಸ್ಟ್ರೇಷನ್ ಫೀಸ್’ ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಓದಿನ ವಿಷಯಕ್ಕೆ ಬಂದರೆ, ಕೇಂದ್ರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ವಾರದ ಅಸೈನ್‌ಮೆಂಟ್ ಬಿಡಬೇಡಿ, ಅದರ ಅಂಕವೂ ಫಲಿತಾಂಶಕ್ಕೆ ಸೇರುತ್ತದೆ. ದೂರಶಿಕ್ಷಣದ ಎಂ.ಕಾಂ. ಆದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಾಗಲಿ, ಇಗ್ನೋ ಆಗಲಿ, ನೀವು ಸೇರುವ ಕೋರ್ಸಿಗೆ ಆ ಸಾಲಿನ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಪಟ್ಟಿಯಲ್ಲಿ ನೋಡಿ. ವಿ.ವಿ. ಹೆಸರಿದ್ದರೆ ಸಾಲದು, ಕೋರ್ಸಿನ ಹೆಸರೂ ಇರಬೇಕು. ಪ್ರವೇಶಕ್ಕೆ ಡಿಇಬಿ ಐಡಿ ಬೇಕು, ಅದಕ್ಕೆ ಮುಂಚೆ ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್ ಲೆಕ್ಕವಿಡುವ ಖಾತೆಯ ಸಂಖ್ಯೆ). ಎರಡನ್ನೂ ನಿಮ್ಮ ಮೊಬೈಲ್‌ನಿಂದ ನೀವೇ ಮಾಡಿಕೊಳ್ಳಿ, ಏಜೆಂಟರ ಕೈಗೆ ಒಟಿಪಿ ಕೊಡಬೇಡಿ.