ಮೈಯೊಳಗೆ ರೋಬೋಟ್ ಬಿಡ್ತಾರಾ?

ಪ್ರಶ್ನೆ: ಕೋವಿಡ್ ವ್ಯಾಕ್ಸಿನಲ್ಲಿ ನ್ಯಾನೋ ಟೆಕ್ನಾಲಜಿ ಇತ್ತು ಅಂತಾರೆ. ಅಂದ್ರೆ ವೈರಸ್ ಹುಡುಕಿ ಸಾಯ್ಸೋ ಪುಟ್ಟ ರೋಬೋಟ್‌ಗಳನ್ನ ಮೈಯೊಳಗೆ ಬಿಡ್ತಾರಾ ಸಾರ್?

ಉತ್ತರ: ರೋಬೋಟೂ ಇಲ್ಲ ಚಿಪ್ಪೂ ಇಲ್ಲ, ಇದ್ದಿದ್ದು ಕೊಬ್ಬು. ನಗ್ಬೇಡಿ, ನಿಜ ಹೇಳ್ತಿದೀನಿ. ಒಂದು ಮಿಲಿಮೀಟರನ್ನ 10 ಲಕ್ಷ ಪಾಲು ಮಾಡಿದ್ರೆ ಒಂದು ಪಾಲು ಒಂದು ನ್ಯಾನೋಮೀಟರ್. ಕೊರೊನಾ ವೈರಸ್ಸು ಸುಮಾರು 100 ನ್ಯಾನೋಮೀಟರ್, ಫೈಜರ್, ಮಾಡರ್ನಾ ವ್ಯಾಕ್ಸಿನಲ್ಲಿದ್ದ ಕೊಬ್ಬಿನ ಉಂಡೆನೂ ಹೆಚ್ಚುಕಮ್ಮಿ ಅಷ್ಟೇ. ಅದರೊಳಗೆ ಇದ್ದಿದ್ದು ಎಂಆರ್‌ಎನ್‌ಎ, ಅಂದ್ರೆ ವೈರಸ್ಸಿನ ಒಂದು ಪ್ರೋಟೀನ್ ಮಾಡು ಅಂತ ಜೀವಕೋಶಕ್ಕೆ ಹೇಳೋ ಚೀಟಿ. ಎಂಆರ್‌ಎನ್‌ಎನ ಉಂಡೆ ಇಲ್ದೆ ಹಂಗೇ ಚುಚ್ಚಿದ್ರೆ ನಮ್ಮ ಮೈಯಲ್ಲಿರೋ ಕಿಣ್ವಗಳು ಅದನ್ನ ಚೂರುಚೂರು ಮಾಡ್ಬಿಡ್ತವೆ, ಉಳ್ಕೊಂಡಿದ್ದೂ ಜೀವಕೋಶದ ಪೊರೆ ದಾಟಲ್ಲ, ಅದಕ್ಕೇ ಈ ಉಂಡೆ ಒಳಗಿಟ್ಟು ಕಳ್ಸೋದು. ಉಂಡೇಲಿ ನಾಲ್ಕು ಥರದ ಕೊಬ್ಬು, ಒಂದು ನಾವೆಲ್ಲ ಬೈಕೊಳ್ಳೋ ಕೊಲೆಸ್ಟ್ರಾಲೇ. ಅಸಲಿ ಕಿಲಾಡಿ ಆ ನಾಲ್ಕರಲ್ಲಿ ಬೇರೊಂದು ಕೊಬ್ಬು, ಅದು ಹೊರಗಿದ್ದಾಗ ಚಾರ್ಜೇ ಇಲ್ದೆ ತೆಪ್ಪಗಿರುತ್ತೆ, ಜೀವಕೋಶ ಉಂಡೆನ ಒಂದು ಚೀಲದಲ್ಲಿ ಸುತ್ತಿ ನುಂಗುತ್ತಲ್ಲ, ಆ ಚೀಲದೊಳಗೆ ಆಸಿಡ್ ಏರ್ತಿದ್ದಂಗೆ ಇದಕ್ಕೆ ಪಾಸಿಟಿವ್ ಚಾರ್ಜ್ ಬಂದು ಚೀಲದ ಪೊರೇನೇ ಕೆಡಿಸಿ ಎಂಆರ್‌ಎನ್‌ಎನ ಆಚೆ ದಾಟ್ಸುತ್ತೆ. ಎಲ್ಲ ಉಂಡೆನೂ ಪಾಸಾಗಲ್ಲ, ಬಹುಪಾಲು ಚೀಲದಲ್ಲೇ ಸಿಕ್ಕಾಕೊಂಡು ಹಾಳಾಗ್ತವೆ, ಆದ್ರೂ ಸ್ವಲ್ಪ ದಾಟಿದ್ರೆ ಸಾಕು. ಆ ಚೀಟಿ ನೋಡಿ ಜೀವಕೋಶ ಮಾಡೋ ಪ್ರೋಟೀನಿಂದ ಮೈ ವೈರಸ್ಸಿನ ಗುರುತು ಕಲಿಯುತ್ತೆ, ಆಮೇಲೆ ವೈರಸ್ ಜೊತೆ ಬಡಿದಾಡೋದು ನಿಮ್ಮ ಸ್ವಂತ ಇಮ್ಯೂನಿಟಿನೇ.

ಇದು ರಾತ್ರೋರಾತ್ರಿ ಹುಟ್ಟಿದ್ದಲ್ಲ. ಇದೇ ಥರದ ಕೊಬ್ಬಿನ ಉಂಡೇಲಿ ತುಂಬಿದ ಪ್ಯಾಟಿಸಿರಾನ್ ಅನ್ನೋ ಔಷಧಿಗೆ 2018ರಲ್ಲೇ ಅಮೆರಿಕದಲ್ಲಿ ಪರ್ಮಿಷನ್ ಸಿಕ್ಕಿತ್ತು, ಅದೂ ವಂಶಪಾರಂಪರ್ಯವಾಗಿ ಬರೋ ಒಂದು ನರದ ಕಾಯಿಲೆಗೆ, ವೈರಸ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ.

ಇನ್ನೊಂದು ನ್ಯಾನೋ ವಸ್ತುನ ನೀವು ಕಣ್ಣಾರೆ ನೋಡಿರ್ತೀರಿ. ರ‍್ಯಾಪಿಡ್ ಟೆಸ್ಟ್ ಕಿಟ್ಟಲ್ಲಿ ಬರೋ ಕೆಂಪು ಗೆರೆ ಬಹಳಷ್ಟು ಕಿಟ್‌ಗಳಲ್ಲಿ ಚಿನ್ನ! ಚಿನ್ನನ ಕೆಲವೇ ಹತ್ತು ನ್ಯಾನೋಮೀಟರಿಗೆ ಇಳ್ಸಿದ್ರೆ ಹಳದಿ ಹೋಗಿ ಕೆಂಪಾಗುತ್ತೆ. ಆ ಕಣಗಳಿಗೆ ಅಂಟಿಸಿರೋ ಆಂಟಿಬಾಡಿ ವೈರಸ್ಸಿನ ಪ್ರೋಟೀನ್ ಹಿಡ್ಕೊಂಡು ಪಟ್ಟೀಲಿ ಹರ್ಕೊಂಡು ಹೋಗಿ ಗೆರೆ ಇರೋ ಜಾಗದಲ್ಲಿ ಗುಂಪುಗೂಡ್ತವೆ, ಅಷ್ಟೇ ಪಾಸಿಟಿವ್.

ಪ್ರಶ್ನೆ: ನ್ಯಾನೋ ಸಿಲ್ವರ್ ಮಾಸ್ಕ್ ತಗೊಳ್ಳೋದು ಒಳ್ಳೇದಾ?

ಉತ್ತರ: ನಾನಾಗಿದ್ರೆ ತಗೊಳ್ಳಲ್ಲ. ಬೆಳ್ಳಿ ಕೆಲಸ ಮಾಡೋದು ಬಟ್ಟೆ ಮೇಲೆ ಕೂತಿರೋದ್ರ ಮೇಲೆ, ಅದೂ ನಿಧಾನಕ್ಕೆ, ನಿಮಗೆ ತಡೀಬೇಕಿರೋದು ಉಸಿರಲ್ಲಿ ಒಳಗೆ ಹೋಗೋದನ್ನ. ಅದಕ್ಕೆ ಎನ್95 ಸಾಕು, ಅದರ ಪದರಕ್ಕೆ ಕೊಟ್ಟಿರೋ ಸ್ಟ್ಯಾಟಿಕ್ ಚಾರ್ಜು ಸಣ್ಣ ಕಣಗಳನ್ನ ಎಳ್ಕೊಳ್ಳುತ್ತೆ. ಸೋಪ್ ಹಾಕಿ ಒಗೀಬೇಡಿ ಮಾತ್ರ, ಚಾರ್ಜ್ ಹೋಗ್ಬಿಡುತ್ತೆ.