ಹಲ್ಲಿ ಬಾರಿಸಿದ ಸೈರನ್

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

2025ರ ಜೂನ್ ಕೊನೆಯ ವಾರ. ಕಾರವಾರದಲ್ಲಿ ಮಳೆ ಬಿಡುವೇ ಕೊಡುತ್ತಿರಲಿಲ್ಲ. 58 ವರ್ಷದ ಶಾಂತಕ್ಕ ಗಂಡನ ಜೊತೆ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೂತರು. "ನಿದ್ದೆ ಅಂತೂ ಇಲ್ಲ ಮೇಡಂ. ಕುಕ್ಕರ್ ಸೀಟಿ ಹೊಡೆದರೂ ಎದೆ ಧಸಕ್ ಅನ್ನುತ್ತದೆ."

ಮಗ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದಾನೆ. ಜೂನ್ 13ಕ್ಕೆ ಇಸ್ರೇಲ್-ಇರಾನ್ ಯುದ್ಧ ಶುರುವಾದಾಗ ಹಡಗು ಇರಾನಿಗೆ ತಾಗಿದ ಹಾರ್ಮುಜ್ ಜಲಸಂಧಿಯ ಒಳಗಡೆ ಇತ್ತು. ಕದನವಿರಾಮ ಆಗುವ ತನಕ ಮನೆಯ ಟಿವಿ ಆರಲೇ ಇಲ್ಲ. ಅದೇ ದಿನಗಳಲ್ಲಿ, ಮಗ ರಜೆಯಲ್ಲಿ ಬಂದಾಗ ಹಾಕಿಸಿದ್ದ ಕಳ್ಳರ ಅಲಾರಂ ಮೂರು ರಾತ್ರಿ ಕೂಗಿತು. ಮೊದಲ ರಾತ್ರಿ ಶಾಂತಕ್ಕ ಮಳೆಯಲ್ಲೇ ಅಂಗಳಕ್ಕೆ ಓಡಿದರು. ಕೈಯಲ್ಲಿ ಏನಿತ್ತು ಗೊತ್ತಾ? ಒಣ ಸಿಗಡಿ ಡಬ್ಬಿ. ಮೀನುಗಾರಿಕೆ ನಿಷೇಧದ ತಿಂಗಳು, ಅದಕ್ಕೆ ಬೆಲೆ ಇದ್ದದ್ದು ನಿಜ. ಆದರೂ ಯಾಕೆ ಎತ್ತಿಕೊಂಡರೋ ಅವರಿಗೇ ಗೊತ್ತಿಲ್ಲ.

ಗಂಡ ನಕ್ಕರು. ನಾನು ನಗಲಿಲ್ಲ. ಪಕ್ಕದಲ್ಲೇ ನೌಕಾನೆಲೆ, ಆಚೆ ಕೈಗಾ ಅಣುಸ್ಥಾವರ. "ಇಲ್ಲಿಗೂ ಬಂತು" ಅನ್ನಿಸಿದ್ದರಲ್ಲಿ ಹುಚ್ಚೇನೂ ಇಲ್ಲ. ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ಹೊತ್ತಿಗೆ ಟಿವಿ ಚಾನೆಲ್‌ಗಳು ಸುದ್ದಿಯ ಹಿಂದೆ ಸೈರನ್ ಬಾರಿಸುತ್ತಿದ್ದವು. ಹಾಗೆ ಮಾಡಬೇಡಿ ಎಂದು ಕೇಂದ್ರವೇ ಮೇ 10ಕ್ಕೆ ಸೂಚನೆ ಕೊಡಬೇಕಾಯಿತು. ಸೈರನ್ ಅಂದರೆ ಯುದ್ಧ ಅಂತ ಶಾಂತಕ್ಕನ ಕಿವಿ ಕಲಿತದ್ದು ಆಗಲೇ.

ಮೊದಲು ಡಾಕ್ಟರ ಹತ್ತಿರ ಕಳಿಸಿ ಬಿಪಿ, ಥೈರಾಯ್ಡ್, ಇಸಿಜಿ ನೋಡಿಸಿದೆ. ಎಲ್ಲ ಸರಿ ಇತ್ತು. ಆಮೇಲೆ ನಾನೇ ತಪ್ಪಿದೆ. "ಆ ಅಲಾರಂ ಆಫ್ ಮಾಡಿ" ಅಂದೆ. ಒಂದು ವಾರ ಇನ್ನೂ ಕೆಟ್ಟಿತು. ಈಗ ಕಳ್ಳ ಬಂದರೂ ಗೊತ್ತಾಗುವುದಿಲ್ಲವಲ್ಲ ಅಂತ ರಾತ್ರಿಯಿಡೀ ಕಿವಿ ಕೊಟ್ಟು ಮಲಗಿದ್ದರು.

ಎರಡನೇ ಸಲ ಯಂತ್ರದಿಂದಲೇ ಶುರು ಮಾಡಿದೆವು. ಗಂಡ ಟಾರ್ಚ್ ಹಿಡಿದು ಹೋಗಿ ನೋಡಿದರೆ, ಜಗುಲಿಯ ಸೆನ್ಸರ್ ಮುಖದ ಮೇಲೇ ಹಲ್ಲಿ! ಪಕ್ಕದ ಬಲ್ಬಿಗೆ ಮುತ್ತುವ ಮಳೆಹುಳಕ್ಕೆ ಕಾದಿತ್ತು. ಈ ಸೆನ್ಸರ್ ದೇಹದ ಶಾಖದ ಚಲನೆ ಹಿಡಿಯುವಂಥದ್ದು. ಅದರ ಮುಖಕ್ಕೇ ಅಂಟಿಕೊಂಡು ಹರಿದಾಡಿದರೆ ಹಲ್ಲಿಯೂ ಅದಕ್ಕೆ ಕಳ್ಳನೇ. ಸೆನ್ಸರನ್ನು ಬಲ್ಬಿನಿಂದ ದೂರ ಹಾಕಿಸಿದರು.

ಆಮೇಲೆ ಒಂದು ವಿಚಿತ್ರ ಮನೆಪಾಠ ಕೊಟ್ಟೆ. ದಿನಾ ಸಂಜೆ ನಾಲ್ಕಕ್ಕೆ, ಚಹಾ ಹೊತ್ತಿಗೆ, ಅಕ್ಕಪಕ್ಕದವರಿಗೆ ಹೇಳಿಟ್ಟು, ಸೈರನ್ನನ್ನು ಶಾಂತಕ್ಕನೇ ಹತ್ತು ಸೆಕೆಂಡ್ ಬಾರಿಸಬೇಕು. ತಾನೇ ಒತ್ತಿದ ಗುಂಡಿಯ ಸದ್ದಿಗೆ ದೇಹ ಬೇಗ ಒಗ್ಗುತ್ತದೆ. ಮೊದಲ ದಿನ ಕಿವಿ ಮುಚ್ಚಿಕೊಂಡು ಗಂಡನ ಕೈಯಲ್ಲಿ ಒತ್ತಿಸಿದರಂತೆ. ಹತ್ತನೇ ದಿನ ಒಂದು ಕೈಯಲ್ಲಿ ಗುಂಡಿ ಒತ್ತಿ ಇನ್ನೊಂದು ಕೈಯಲ್ಲಿ ಚಹಾ ಸೋಸಿದರು. ರಾತ್ರಿಗೂ ಒಂದು ಚೀಟಿ ಬರೆಸಿದೆ, ಅವರದೇ ಅಕ್ಷರದಲ್ಲಿ: ಸದ್ದಾದರೆ ಮೊದಲು ಹಾಸಿಗೆಯಲ್ಲಿ ಎದ್ದು ಕೂರು, ಕಾಲು ನೆಲಕ್ಕೆ ಊರು, ಉಸಿರು ನಿಧಾನ ಬಿಡು, ಪ್ಯಾನಲ್‌ನಲ್ಲಿ ಯಾವ ದೀಪ ಉರಿಯುತ್ತಿದೆ ನೋಡು, ಆಮೇಲೆ ಇವರನ್ನು ಎಬ್ಬಿಸು.

ಕೂತು ನೋಡುವುದಕ್ಕೆ ಎಷ್ಟು ಬೆಲೆ ಇದೆ ಅಂತ ಸ್ಟಾನಿಸ್ಲಾವ್ ಪೆಟ್ರೋವ್ ಕಥೆ ಹೇಳಿದೆ. 1983ರ ಸೆಪ್ಟೆಂಬರ್, ಸೋವಿಯತ್ ಎಚ್ಚರಿಕೆ ಕೇಂದ್ರ. ಅಮೆರಿಕದಿಂದ ಕ್ಷಿಪಣಿ ಹೊರಟಿವೆ ಎಂದು ಯಂತ್ರ ಕೂಗಿತು. ನಿಜವಾದ ದಾಳಿಯಾದರೆ ಬರೀ ಐದು ಬರುತ್ತವೆಯೇ ಎಂದುಕೊಂಡ ಅಧಿಕಾರಿ, ಇದು ಸುಳ್ಳು ಎಂದೇ ಮೇಲಿನವರಿಗೆ ತಿಳಿಸಿದ. ಸುಳ್ಳೇ ಆಗಿತ್ತು.

"ಅಲ್ಲೂ ಹಲ್ಲಿಯಾ?" ಅಂದರು ಶಾಂತಕ್ಕ.

ಅಲ್ಲ, ಮೋಡದ ಮೇಲೆ ಬಿದ್ದ ಬಿಸಿಲು.

ಸುದ್ದಿ ನೋಡಬೇಡಿ ಅಂತ ನಾನು ಹೇಳಲಿಲ್ಲ. ಮಗ ಅಲ್ಲಿರುವಾಗ ಯಾವ ತಾಯಿ ಕೇಳುತ್ತಾಳೆ? ಬೆಳಿಗ್ಗೆ ಪೇಪರ್, ಸಂಜೆ ಒಂದೇ ವಾರ್ತೆ, ಅಷ್ಟು ಸಾಕು ಅಂದೆ. ಮಗನೂ ನೆಟ್‌ವರ್ಕ್ ಸಿಕ್ಕಾಗೆಲ್ಲ "ಊಟ ಆಯ್ತು" ಅಂತ ಒಂದು ಸಾಲು ಹಾಕಲು ಒಪ್ಪಿದ. ನಡುರಾತ್ರಿ ತೀರಾ ಕಂಗಾಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಆಗಸ್ಟ್‌ನಲ್ಲಿ ಕೊನೆಯ ಭೇಟಿ. ಹಿಂದಿನ ರಾತ್ರಿ ಹೋಗಿದ್ದ ಕರೆಂಟ್ ಬರುತ್ತಿದ್ದಂತೆ ಅಲಾರಂ ಮತ್ತೆ ಹೊಡೆದಿತ್ತಂತೆ. "ಎದೆ ಹೊಡೆದುಕೊಂಡಿತು ಮೇಡಂ, ಇಲ್ಲ ಅನ್ನಲ್ಲ. ಆದರೆ ಕೂತೆ, ದೀಪ ನೋಡಿದೆ, ಆಫ್ ಮಾಡಿದೆ. ಆಮೇಲೆ ಇವರನ್ನು ಎಬ್ಬಿಸಿದರೆ, ಸಿಗಡಿ ಡಬ್ಬಿ ಎಲ್ಲಿ ಅಂತ ಕೇಳಿದರು."